ಮಾಳವ್ವನನ್ನು ಮೂಸುವವರು ಯಾರು?

ಜಗತ್ತು ಆಗ ಹೊಸ ಕಂಬಳಿಯ ಹಾಗಿತ್ತು. ಇನ್ನೂ ಎಲ್ಲೂ ಹರಿದಿರಲಿಲ್ಲ, ಎಲ್ಲೂ ತೇಪೆ ಬಿದ್ದಿರಲಿಲ್ಲ. ಹೊಸದಲ್ಲವೇ, ಮೈಗೆ ಸ್ವಲ್ಪ ಚುಚ್ಚುತ್ತಲೂ ಇತ್ತು.

ಹೊಳೆಗಳಿಗೆ ಯಾವ ಕಡೆ ಹರಿಯಬೇಕೆಂಬುದು ಆಗ ರೂಢಿಯಾಗಿರಲಿಲ್ಲ. ಬೆಳಿಗ್ಗೆ ಮೂಡಣಕ್ಕೆ ಹರಿದು ನೋಡುತ್ತಿದ್ದವು, ಸಂಜೆ ಪಡುವಣಕ್ಕೆ. ಗುಡ್ಡಗಳು ಕೂತು ಕೂತು ಬೇಸರವಾದರೆ ಎದ್ದು ಪಕ್ಕಕ್ಕೆ ಸರಿದು ಕೂರುತ್ತಿದ್ದವು. ಗಾಳಿಗಂತೂ ಹರೆಯ, ಒಂದು ಕಡೆ ನಿಲ್ಲುವ ಮಾತೇ ಇರಲಿಲ್ಲ. ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದರು. ಕುರಿ ಹೊಳೆಯ ಜೊತೆ, ಹೊಳೆ ಕಲ್ಲಿನ ಜೊತೆ, ಕಲ್ಲು ಬಿಸಿಲಿನ ಜೊತೆ.

ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದದ್ದು ನಾಯಿ.

ನಗಬೇಡಿ. ಆಗಿನ ನಾಯಿಗೆ ಮೂಗು ಇತ್ತು, ಇಲ್ಲವೆಂದಲ್ಲ. ಆದರೆ ಅದು ನಮ್ಮ ನಿಮ್ಮಂಥದೇ ಒಣ ಮೂಗು. ಎದುರಿಗಿಟ್ಟ ರೊಟ್ಟಿಯ ವಾಸನೆ ತಿಳಿಯುತ್ತಿತ್ತು, ಗೋಡೆಯ ಆಚೆಯ ರೊಟ್ಟಿಯದು ತಿಳಿಯುತ್ತಿರಲಿಲ್ಲ. ಅದರ ಬಂಡವಾಳವೆಲ್ಲ ನಾಲಿಗೆಯಲ್ಲಿತ್ತು.

ಅಂಥ ನಾಯಿಗಳಲ್ಲಿ ಒಬ್ಬ ಚಿಗರ್ಯಾ. ಓಟದಲ್ಲಿ ಚಿಗರೆಯಂತಿದ್ದ, ಅದಕ್ಕೇ ಆ ಹೆಸರು. ಅವನು ಮಾಳವ್ವನ ನಾಯಿ. ಮಾಳವ್ವ ತನ್ನ ಗಂಡ ಅಮೋಗೆಪ್ಪನ ಜೊತೆ ಕುರಿ ಹಿಂಡು ಹೊಡೆದುಕೊಂಡು ಹುಲ್ಲಿದ್ದ ಕಡೆ ಹೋಗುತ್ತಿದ್ದಳು. ಹುಲ್ಲು ಮುಗಿದರೆ ಮತ್ತೆ ಮುಂದಕ್ಕೆ. ಚಿಗರ್ಯಾ ಇನ್ನೂ ಕಣ್ಣು ಬಿಡದ ಮರಿಯಾಗಿದ್ದಾಗ ಹಳ್ಳದ ದಂಡೆಯಲ್ಲಿ ಅವಳಿಗೆ ಸಿಕ್ಕಿದ್ದ. ಮಾಳವ್ವ ಅವನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, ಅರಳೆಯನ್ನು ಕುರಿಹಾಲಿನಲ್ಲಿ ಅದ್ದಿ, ಹನಿ ಹನಿಯಾಗಿ ಕುಡಿಸಿ ಬದುಕಿಸಿದ್ದಳು. ಹಾಗಾಗಿ ಅವಳು ಅವನಿಗೆ ಅವ್ವ. ಹಿಂಡಿನ ಎಲ್ಲ ಕುರಿ ಒಂದು ತೂಕ, ಅವ್ವ ಒಬ್ಬಳೇ ಒಂದು ತೂಕ.

ಅವನ ಬಾಯಿಗೆ ಬೀಗ ಅನ್ನುವುದೇ ಇರಲಿಲ್ಲ. ಯಾವ ಕುರಿ ಯಾರ ಹುಲ್ಲಿಗೆ ಬಾಯಿ ಹಾಕಿತು, ಯಾವ ಗುಡ್ಡ ನಿನ್ನೆಯಿಂದ ಎಷ್ಟು ಸರಿದಿದೆ, ಎಲ್ಲ ಅವನಿಗೆ ಬೇಕು. ಎಲ್ಲವನ್ನೂ ಎಲ್ಲರಿಗೂ ಹೇಳಬೇಕು.

"ಸಾಕ ಮಾಡೋ ಮಾರಾಯಾ, ಕಿವಿ ತೂತಾತು," ಎನ್ನುತ್ತಿದ್ದ ಅಮೋಗೆಪ್ಪ.

ಮಾಳವ್ವ ಮಾತ್ರ ನಗುತ್ತ ಕೇಳುತ್ತಿದ್ದಳು. ಕೈ ಉಣ್ಣೆ ನೂಲುತ್ತಿರುತ್ತಿತ್ತು, ಕಿವಿ ಚಿಗರ್ಯಾನ ಕಡೆ.

ಆದರೆ ದಿನಕ್ಕೊಮ್ಮೆ ಅವನೂ ಬಾಯಿ ಮುಚ್ಚುತ್ತಿದ್ದ. ಹೊತ್ತು ಇಳಿಯುವಾಗ ಮಾಳವ್ವ ಹಟ್ಟಿಯ ಬಾಯಿಗೆ ಬಂದು ನಿಲ್ಲುತ್ತಿದ್ದಳು. ಹಟ್ಟಿ ಎಂದರೆ ಕುರಿಗಳನ್ನು ರಾತ್ರಿ ಕೂಡಿಹಾಕುವ ಮುಳ್ಳುಬೇಲಿ. ಕುರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಮಾಳವ್ವ ಒಂದೊಂದನ್ನೂ ತಡೆದು ನಿಲ್ಲಿಸಿ, ಕಿವಿ ಮುಟ್ಟಿ ಬಿಸಿ ನೋಡಿ, ಹೊಟ್ಟೆ ಒತ್ತಿ, ಕಡೆಗೆ ಅದರ ಬಾಯಿಯ ಹತ್ತಿರ ಮೂಗು ಇಟ್ಟು ಮೂಸುತ್ತಿದ್ದಳು. ಬೇನೆಗೆ ಒಂದು ವಾಸನೆಯಿದೆ. ಆ ವಾಸನೆ ಹಿಡಿಯುವ ಮೂಗು ಆಗ ಕುರಿ ಕಾಯುವವರಿಗೆ ಇತ್ತು, ಅದರಲ್ಲೂ ಮಾಳವ್ವನದು ಬಲು ಚುರುಕು.

"ಕುರಿ ತನ್ನ ಬ್ಯಾನಿ ಮುಚ್ಚಿಡತೈತಿ ನೋಡೋ," ಎಂದು ಅವಳು ಚಿಗರ್ಯಾನಿಗೆ ಹೇಳಿಕೊಟ್ಟಿದ್ದಳು. "ಹಿಂಡು ತನ್ನ ಬಿಟ್ಟು ಹೋಗತೈತಿ ಅಂತ ಅದಕ್ಕ ಅಂಜಿಕಿ. ಜ್ವರ ಬಂದ್ರೂ ಕಾಲು ಎಳಕೋತ ಎಲ್ಲಾರ ಜೋಡಿ ಬರತೈತಿ. ಅದು ಹೇಳಂಗಿಲ್ಲ, ನಾವ ನೋಡಬೇಕು."

ಬೇನೆ ಬಿದ್ದ ಕುರಿ ಸಿಕ್ಕರೆ ಅದಕ್ಕೊಂದು ಪದ್ಧತಿಯಿತ್ತು. ಹಟ್ಟಿ ಹಾಕುವಾಗಲೇ ಒಂದು ಬನ್ನಿ ಮರ ಒಳಗೆ ಬರುವಂತೆ ಬೇಲಿ ಕಟ್ಟುತ್ತಿದ್ದರು. ಬೇನೆಯ ಕುರಿಯನ್ನು ಆ ಮರದ ಬುಡಕ್ಕೆ ಕರೆದೊಯ್ದು ಕೂರಿಸುತ್ತಿದ್ದರು. ಮರದ ಬುಡದಲ್ಲಿ ಒಂದು ಕುರಿ ಕೂತಿತೆಂದರೆ, ಅದು ಎದ್ದು ಮೇಯುವ ತನಕ ಹಿಂಡು ಆ ಜಾಗ ಬಿಟ್ಟು ಕದಲುವಂತಿಲ್ಲ. ಹುಲ್ಲು ತೀರಲಿ, ನೀರು ದೂರವಾಗಲಿ, ಒಂದಕ್ಕಾಗಿ ಎಲ್ಲ ಕಾಯಬೇಕು.

ಕುರಿಗಳೆಲ್ಲ ಒಳಗೆ ಹೋದ ಮೇಲೆ ಸಾಲಿನ ತುದಿಯಲ್ಲಿ ಚಿಗರ್ಯಾ. ಮಾಳವ್ವ ಅವನ ಕಿವಿಯನ್ನೂ ಮುಟ್ಟಿ, ಬಾಯಿಯನ್ನೂ ಮೂಸಿ, "ಗಟ್ಟಿ ಅದಿ, ಹೋಗು," ಎನ್ನುತ್ತಿದ್ದಳು. ಅಷ್ಟಾದ ಮೇಲೇ ಅವಳು ಬೇಲಿಯ ಬಾಯಿ ಮುಚ್ಚುತ್ತಿದ್ದುದು.

ಇಲ್ಲಿ ಆ ಜನ ಒಂದು ತಪ್ಪು ಮಾಡಿದ್ದರು. ದಾರಿಯಲ್ಲಿ ಕುರಿ ಕಾಯುವವರು ಎದುರಾದರೆ ಒಬ್ಬರು "ಕುರಿ ಆರಾಮ?" ಎಂದು ಕೇಳುತ್ತಿದ್ದರು, ಇನ್ನೊಬ್ಬರು "ಆರಾಮ" ಎನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು. ಕುರಿ ಚೆನ್ನಾಗಿದ್ದರೆ ಕುರಿಯ ಹಿಂದಿನ ಜನ ಚೆನ್ನಾಗಿರಲೇಬೇಕು ಎಂದು ಅವರ ತಿಳಿವಳಿಕೆ. ಜನರ ಬಗ್ಗೆ ಬೇರೆಯಾಗಿ ಯಾರೂ ಕೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಮಾಳವ್ವ ತನ್ನ ರೊಟ್ಟಿಯಲ್ಲಿ ಅರ್ಧವನ್ನು ಮುರಿದು ಚಿಗರ್ಯಾನಿಗೆ ಹಾಕಿದಳು. ಮರುದಿನವೂ ಹಾಕಿದಳು. ಅವನಿಗೆ ಖುಷಿಯೋ ಖುಷಿ. ಅವ್ವನಿಗೆ ತನ್ನ ಮೇಲೆ ಪ್ರೀತಿ ಹೆಚ್ಚಾಗಿದೆ ಎಂದು ಹೊಳೆಗೆ ಹೇಳಿದ, ಟಗರಿಗೆ ಹೇಳಿದ, ಕೇಳದವರಿಗೂ ಹೇಳಿದ.

ಆಮೇಲೆ ಅವಳು ಪೂರ್ತಿ ರೊಟ್ಟಿಯನ್ನೇ ಹಾಕತೊಡಗಿದಳು. ಆಗ ಅವನು ತಿನ್ನುವುದು ಬಿಟ್ಟು ತಲೆ ಎತ್ತಿ ಅವಳನ್ನು ಸರಿಯಾಗಿ ನೋಡಿದ. ಏರು ಹತ್ತುವಾಗ ಪಕ್ಕೆಲುಬಿನ ಕೆಳಗೆ ಕೈ ಒತ್ತಿ ನಿಲ್ಲುತ್ತಿದ್ದಳು. ಅಮೋಗೆಪ್ಪ ತಿರುಗಿ ನೋಡಿದನೋ, ಕೈ ತೆಗೆದು ಸರಸರ ನಡೆಯುತ್ತಿದ್ದಳು.

ಹೀಗೆ ಮಾಡುವವರು ಯಾರೆಂದು ಚಿಗರ್ಯಾನಿಗೆ ಅವಳೇ ಹೇಳಿಕೊಟ್ಟಿದ್ದಳಲ್ಲ.

ಆ ಸಂಜೆ ಅವಳು ಅವನ ಕಿವಿ ಮುಟ್ಟುತ್ತಿರುವಾಗ ಅವನು ಕೇಳಿಯೇಬಿಟ್ಟ. "ಅವ್ವಾ, ಕುರಿ ಮೂಸಾಕ ನೀ ಅದಿ. ನನ್ನ ಮೂಸಾಕ ನೀ ಅದಿ. ನಿನ್ನ ಯಾರು ಮೂಸತಾರ?"

ಮಾಳವ್ವನಿಗೆ ನಗು ಬಂತು. "ನನ್ನ ಯಾಕ ಮೂಸಬೇಕೋ? ನಾ ಏನ ಕುರಿ ಏನು? ಆರಾಮ ಅದೀನಿ."

"ನಿನ್ನ ನೀನ ಒಮ್ಮೆ ಮೂಸಿ ನೋಡ್ಕೋ."

"ನನ್ನ ವಾಸನಿ ನನಗ ಹೆಂಗ ತಿಳೀಬೇಕು? ಹೋಗು ಒಳಗ, ಮಾತಿನಮಲ್ಲ."

ಮರುದಿನ ಹೊಳೆ ದಾಟುವಾಗ ಮಾಳವ್ವ ನಡುನೀರಿನಲ್ಲಿ ಕುಸಿದಳು. ಹೊಳೆ ಒಳ್ಳೆಯದು, ತಟ್ಟನೆ ಇಳಿದು ಮೊಣಕಾಲುದ್ದವಾಯಿತು, ಅವಳನ್ನು ಮೆಲ್ಲಗೆ ದಂಡೆಗೆ ತಳ್ಳಿತು. ಚಿಗರ್ಯಾ ಬಾಣದಂತೆ ಅಮೋಗೆಪ್ಪನ ಹತ್ತಿರ ಓಡಿದ. ಅವನು ಹುಲ್ಲು ನೋಡಲು ಮುಂದೆ ಹೋಗಿದ್ದ.

ಓಡಿದ್ದು ಸರಿ. ಹೇಳಿದ್ದು ನೋಡಿ. "ಅಪ್ಪಾ, ಬೆಳಿಗ್ಗೆ ಎದ್ದಾಗ ಮಂಜು ಬಿದ್ದಿತ್ತು, ಕಪ್ಪು ಕುರಿ ಎಲ್ಲಾರಕಿಂತ ಮೊದಲ ಎದ್ದಿತ್ತು, ಯಾಕ ಅಂದ್ರ ಅದರ ಮಗ್ಗಲ ಮಲಗಿದ್ದ ಟಗರು ಗೊರಕಿ ಹೊಡೀತಿತ್ತು, ಆಮ್ಯಾಲ ಅವ್ವ ರೊಟ್ಟಿ ಬಡದ್ಲು, ಜೋಳದ್ದು, ಒಂದು ಸ್ವಲ್ಪ ಸೀದಿತ್ತು..." ಅವನ ನಾಲಿಗೆಗೆ ಸುದ್ದಿಯನ್ನು ಮೊದಲಿನಿಂದ ಬಿಟ್ಟು ಬೇರೆ ಕಡೆಯಿಂದ ಶುರು ಮಾಡುವುದು ಗೊತ್ತೇ ಇರಲಿಲ್ಲ. ಅವನ ಕಥೆ ಹೊಳೆಯ ದಂಡೆಗೆ ಬರುವಷ್ಟರಲ್ಲಿ ಅಮೋಗೆಪ್ಪ "ಹೂಂ, ಹೂಂ" ಎನ್ನುತ್ತ ಆಚೆ ದಿಬ್ಬ ಹತ್ತಿದ್ದ. ಕಡೆಗೆ "ಅವ್ವ ಬಿದ್ಲು" ಎಂಬ ಮಾತು ಬಂದಾಗ ಅವನು ಬೆಚ್ಚಿ, ಎಲ್ಲ ಬಿಟ್ಟು ಓಡಿಬಂದ.

ಬಂದು ನೋಡಿದರೆ ಮಾಳವ್ವ ಎದ್ದು ಕೂತು ಸೀರೆ ಹಿಂಡುತ್ತಿದ್ದಾಳೆ.

"ಏನಾತ?" ಎಂದ ಅಮೋಗೆಪ್ಪ.

"ಏನಿಲ್ರಿ, ಪಾಚಿ ಇತ್ತು, ಕಾಲು ಜಾರಿತು. ಆರಾಮ ಅದೀನಿ. ಕುರಿ ಎಲ್ಲಾ ದಾಟಿದ್ವಿಲ್ಲ?"

"ದಾಟ್ಯಾವ."

"ಮತ್ತೇನ," ಎಂದಳು ಅವಳು. ಅಮೋಗೆಪ್ಪ ಸಮಾಧಾನವಾಗಿ ಹೊರಟುಹೋದ.

ಚಿಗರ್ಯಾ ಅಲ್ಲೇ ಕೂತ. ತನ್ನ ನೂರು ಮಾತನ್ನು ಅವ್ವನ ಒಂದು 'ಆರಾಮ' ಹೊಡೆದುಹಾಕಿತ್ತು. ಅವಳು ಹೀಗೇ ಆರಾಮ ಎನ್ನುತ್ತ ಎನ್ನುತ್ತ ಒಂದು ದಿನ ಏಳದೇ ಹೋದರೆ? ಆ ಯೋಚನೆ ಬಂದು ಅವನಿಗೆ ಅಳು ಬಂತು. ಕುರಿಗಳಿಗೆ ಕಾಣದ ಹಾಗೆ ಒಂದು ಕಲ್ಲಿನ ಹಿಂದೆ ಹೋಗಿ ಅತ್ತ. ಅತ್ತಾದ ಮೇಲೆ ನೇರವಾಗಿ ಗುಡ್ಡದ ತುದಿ ಹತ್ತಿ ಗಾಳಿಯನ್ನು ಕರೆದ.

"ಗಾಳಿಯಪ್ಪಾ, ಬ್ಯಾನಿ ವಾಸನಿ ಹಿಡಿಯೋ ಮೂಗು ನನಗೂ ಕೊಡು."

ಗಾಳಿ ಅವನ ಸುತ್ತ ಒಂದು ಸುತ್ತು ಹಾಕಿತು. "ಕೊಡತೀನಿ. ಆದ್ರ ಎಲ್ಲಿಡ್ಲಿ? ನಿನ್ನ ತಲಿ ತುಂಬ ಮಾತು ತುಂಬೇತಿ. ವಾಸನಿ ಕೂಡಾಕ ಜಾಗ ಎಲ್ಲೈತಿ?"

"ಅರ್ಧ ಮಾತು ತಗದುಬಿಡು."

"ಅರ್ಧ ತಗದ್ರ ಅರ್ಧ ಬ್ಯಾನಿ ತಿಳೀತೈತಿ. ಯಾವ ಅರ್ಧ ಬೇಕು, ಹೇಳು?"

ಚಿಗರ್ಯಾ ಮುಂಗಾಲಿನಿಂದ ಮಣ್ಣು ಕೆರೆದ.

"ಇನ್ನೊಂದು ಮಾತು ಕೇಳು," ಎಂದಿತು ಗಾಳಿ. "ಬ್ಯಾನಿ ಇದ್ದವರಿಗೆ ನಾಚಿಕಿ ಇರತೈತಿ. ಅವರ ಗುಟ್ಟು ತಿಳಿದಾವ ಅದನ್ನ ಊರ ತುಂಬ ಹೇಳ್ಕೋತ ತಿರಗಬಾರದು. ಹಿಂಗಾಗಿ ಮಾತು ಬಿಡಬೇಕು, ಎಲ್ಲಾ ಬಿಡಬೇಕು. ಕಳ್ಳರು ಬಂದ್ರ, ತೋಳ ಬಂದ್ರ ಕೂಗಾಕ ಒಂದು ದನಿ ಇಟ್ಟುಕೋ. ಅಷ್ಟ."

ಮಾತಿನಲ್ಲೇ ಬದುಕಿದವನಿಗೆ ಮಾತು ಬಿಡು ಅಂದರೆ ಹೇಗಾಗಬೇಡ? ಚಿಗರ್ಯಾ ಗುಡ್ಡದ ಮೇಲಿಂದ ಕೆಳಗೆ ನೋಡಿದ. ದೂರದಲ್ಲಿ ಹಿಂಡಿನ ಹಿಂದೆ ಮಾಳವ್ವ ನಡೆಯುತ್ತಿದ್ದಳು. ನಿಲ್ಲುತ್ತಿದ್ದಳು, ಮತ್ತೆ ನಡೆಯುತ್ತಿದ್ದಳು.

"ತಗೋ," ಎಂದ ಅವನು. "ಒಂದ ಒಂದು ಮಾತು ಕೂಗಿಬಿಡತೀನಿ, ಆಮ್ಯಾಲ ತಗೋ."

ಎದೆ ತುಂಬ ಉಸಿರು ಎಳೆದು ಕೂಗಿದ. "ಅವ್ವಾ!"

ಮಾಳವ್ವ ತಿರುಗಿ, ಕಣ್ಣಿಗೆ ಕೈ ಅಡ್ಡ ಹಿಡಿದು, "ಏನೋ ಚಿಗರ್ಯಾ?" ಎಂದು ಕೇಳಿದಳು. ಅಷ್ಟರಲ್ಲಿ ಅವನ ಹತ್ತಿರ ಮಾತು ಉಳಿದಿರಲಿಲ್ಲ.

ಗಾಳಿ ಅವನ ಮಾತುಗಳನ್ನೆಲ್ಲ ಬಾಚಿ ಗುಡ್ಡದ ಸಂದಿಗೊಂದಿಗಳಲ್ಲಿ ತುರುಕಿತು. ಖಾಲಿಯಾದ ತಲೆಯೊಳಗೆ ವಾಸನೆಗಳು ನುಗ್ಗಿ ಬಂದವು. ನಿನ್ನೆಯ ಮಳೆಯ ವಾಸನೆ, ನಾಳೆ ಅರಳುವ ಹೂವಿನ ವಾಸನೆ, ಗುಡ್ಡದಾಚೆಯ ರೊಟ್ಟಿಯ ವಾಸನೆ! ಚಿಗರ್ಯಾ ಸೀನಿದ, ಸೀನಿದ, ಸೀನುತ್ತಲೇ ಕೆಳಗೆ ಉರುಳಿ ಹೊಳೆಯ ದಂಡೆಗೆ ಬಂದು ಬಿದ್ದ.

"ಒಣ ಮೂಗಿನ್ಯಾಗ ವಾಸನಿ ನಿಲ್ಲಂಗಿಲ್ಲೋ ಹುಚ್ಚಪ್ಪಾ," ಎಂದಿತು ಹೊಳೆ. "ಬಾ ಇಲ್ಲಿ, ಮೂಗು ಅದ್ದು. ನಿನ್ನ ಅವ್ವನ್ನ ಎತ್ತಿ ದಂಡಿಗೆ ಹಾಕಿದಾಕಿ ನಾ. ನನಗೂ ಚಿಂತಿ ಐತಿ. ಈ ಹನಿ ನಿನ್ನ ಹತ್ರ ಇರಲಿ, ಆರಗೊಡಬ್ಯಾಡ."

ಅವನು ಮೂಗು ಅದ್ದಿದ. ಆ ಹನಿ ಅಲ್ಲೇ ನಿಂತಿತು.

ಹೊತ್ತು ಇಳಿಯುತ್ತಿತ್ತು. ಮಾಳವ್ವ ಎಂದಿನಂತೆ ಹಟ್ಟಿಯ ಬಾಯಲ್ಲಿ ನಿಂತು ಒಂದೊಂದೇ ಕುರಿಯನ್ನು ನೋಡಿ ಒಳಗೆ ಬಿಟ್ಟಳು. ಕಡೆಗೆ ಚಿಗರ್ಯಾ ಬಂದು ನಿಂತ.

"ಯಾಕೋ, ಅಷ್ಟು ದೊಡ್ಡ ದನಿ ತಗದು ಕರದಿ, ಏನಂತ ಹೇಳಲೇ ಇಲ್ಲ?" ಎಂದು ಅವಳು ಅವನ ಕಿವಿ ಮುಟ್ಟಿದಳು, ಬಾಯಿ ಮೂಸಿದಳು. "ಗಟ್ಟಿ ಅದಿ. ಹೋಗು."

ಚಿಗರ್ಯಾ ಹೋಗಲಿಲ್ಲ. ಅವಳ ಕೈ ಮೂಸಿದ. ಉಣ್ಣೆ, ಹೊಗೆ, ಜೋಳದ ಹಿಟ್ಟು. ಮೊಣಕಾಲು ಮೂಸಿದ. ಮಣ್ಣು, ಹೊಳೆಯ ಪಾಚಿ. ಮುಂಗಾಲು ಎತ್ತಿ ಅವಳ ಮೈಮೇಲೆ ಇಟ್ಟು ಪಕ್ಕೆಲುಬಿನ ಕೆಳಗೆ ಮೂಗು ಒಯ್ದ. ಅಲ್ಲಿತ್ತು. ಹಳಸಿದ ಮಜ್ಜಿಗೆಯಂಥ ಹುಳಿ ಹುಳಿ ವಾಸನೆ. ಅವನು ಆ ಜಾಗಕ್ಕೆ ಒದ್ದೆ ಮೂಗು ಒತ್ತಿ, ತೆಗೆಯದೇ ನಿಂತ.

"ಏ, ಥಣ್ಣಗೈತಿ, ಸರಿ ಅತ್ತಾಗ!" ಮಾಳವ್ವ ಅವನನ್ನು ದೂಡಿದಳು. ಅವನು ತಿರುಗಿ ಬಂದ. ಮತ್ತೆ ದೂಡಿದಳು. ಮತ್ತೆ ಬಂದ. ಒಲೆಯ ಕಡೆ ಹೊರಟರೆ ಅಡ್ಡ ನಿಂತ. ಸುತ್ತಿ ಹೋದರೆ ಅಲ್ಲಿಗೂ ಬಂದು ಅಡ್ಡ ನಿಂತ. ತಪ್ಪಿಸಿಕೊಂಡ ಕುರಿಯನ್ನು ತಿರುಗಿಸುವುದು ಅವನ ದಿನದ ಕೆಲಸ, ಅವನಿಗೆ ಯಾರು ಕಲಿಸಬೇಕು? ಎಡಕ್ಕೆ ತಡೆದು ಬಲಕ್ಕೆ ತಡೆದು, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಹಿಡಿದು ಎಳೆದು, ಅವಳನ್ನು ಬನ್ನಿ ಮರದ ಬುಡಕ್ಕೆ ತಂದು ಬಿಟ್ಟ. ಸುಸ್ತಾಗಿ ಅವಳು ಕೂತಳು. ಅವನು ಅವಳ ಪಾದಗಳ ಮೇಲೆ ಅಡ್ಡ ಮಲಗಿದ.

ಕುರಿಗಳೆಲ್ಲ ಮೆಲುಕು ಹಾಕುವುದನ್ನು ನಿಲ್ಲಿಸಿ ನೋಡಿದವು.

ಅಮೋಗೆಪ್ಪನೂ ನೋಡಿದ. ಚಿಗರ್ಯಾನ ಮಾತಿಗೆ ಹೂಂಗುಟ್ಟಿ ದಿಬ್ಬ ಹತ್ತಿ ಹೋಗಿದ್ದ ಮನುಷ್ಯ ಈಗ ಕೈಯಲ್ಲಿದ್ದ ಮುಳ್ಳಿನ ಹೊರೆ ಬಿಟ್ಟು ಬಂದ. ಆ ಮರದ ಬುಡದಲ್ಲಿ ಸುಮ್ಮಸುಮ್ಮನೆ ಯಾರೂ ಕೂರುವುದಿಲ್ಲವೆಂಬುದು ಅವನಿಗೆ ಹುಟ್ಟಿನಿಂದ ಗೊತ್ತು. ಅವನು ಹೆಂಡತಿಯ ಎದುರು ಕುಕ್ಕರಗಾಲಿನಲ್ಲಿ ಕೂತ. ಕುರಿಗೆ ಮಾಡುವ ಹಾಗೆ ಕೈ ಚಾಚಿ ಅವಳ ಕಿವಿ ಮುಟ್ಟಿದ. ಬೆಂಕಿಯಂತೆ ಸುಡುತ್ತಿತ್ತು.

"ಮಾಳೀ," ಎಂದ, "ನೀ ಹೆಂಗದಿ?"

ಇಷ್ಟು ವರ್ಷದ ಸಂಸಾರದಲ್ಲಿ ಆ ಮಾತು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಮಾಳವ್ವ ರೂಢಿಯಂತೆ "ಆರಾ..." ಎಂದಳು. ಪಾದದ ಮೇಲಿದ್ದ ಚಿಗರ್ಯಾ ತಲೆ ಎತ್ತಿ ನೋಡಿದ. ಆ ಕಣ್ಣಿನ ಮುಂದೆ ಅವಳಿಗೆ ಆ ಮಾತನ್ನು ಮುಗಿಸಲು ಆಗಲಿಲ್ಲ.

"ಇಲ್ಲಿ ನೋಯತೈತ್ರಿ," ಎಂದು ಪಕ್ಕೆ ಮುಟ್ಟಿಕೊಂಡಳು. "ಭಾಳ ದಿನ ಆತು. ಹೇಳಿದ್ರ ಹಿಂಡು ನಿಲ್ಲತೈತಿ, ಕುರಿ ಉಪವಾಸ ಬೀಳತಾವ ಅಂತ ಸುಮ್ಮನಿದ್ದೆ." ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಅಳುವಾಗ ಅವಳ ಮುಖ ಹಗುರಾಗಿತ್ತು.

"ಅಯ್ಯ ಹುಚ್ಚೀ," ಎಂದ ಅಮೋಗೆಪ್ಪ. ತನ್ನ ಕಂಬಳಿ ತೆಗೆದು ಅವಳಿಗೆ ಹೊದಿಸಿದ.

ಆಗ ಹಿಂಡಿನ ಹಿರಿಯ ಟಗರು ಎದ್ದು ನಿಂತಿತು. "ನನ್ನ ಗೊರಸು ಕೊಳತಾಗ ಹಿಂಡೆಲ್ಲಾ ನಿಂತಿತ್ತು," ಎಂದಿತು ಅದು. "ಕಪ್ಪು ಕುರಿ ಹೊಟ್ಟಿ ಉಬ್ಬಿದಾಗೂ ನಿಂತಿತ್ತು. ಈಗ ಅವ್ವಗ ನಿಲ್ಲೋಣು." ಕಪ್ಪು ಕುರಿ ಹೌದೆಂದಿತು. ಹುಲ್ಲು ಕಡಿಮೆಯಾಗುತ್ತದೆಂದು ಗೊಣಗಿದ ಮರಿಗಳಿಗೆ ಅವುಗಳ ತಾಯಂದಿರೇ ಒಂದೊಂದು ಗುದ್ದು ಕೊಟ್ಟರು.

ಹಿಂಡು ನಿಂತಿತು. ಅಮೋಗೆಪ್ಪ ಮಾಳವ್ವ ಹೇಳಿಕೊಟ್ಟ ಸೊಪ್ಪು ಹುಡುಕಿ ತಂದು ಅರೆದು ಕುಡಿಸಿದ. ರೊಟ್ಟಿ ಅವನೇ ಬಡಿದ. ಅದರ ಆಕಾರದ ಬಗ್ಗೆ ಕೇಳಬೇಡಿ. ಹೊಳೆ ತಾನಾಗಿ ಹಟ್ಟಿಯ ಹತ್ತಿರಕ್ಕೆ ಹರಿದು ಬಂತು, ಅಲ್ಲಿ ಒಗ್ಗಿಹೋಗಿ ಆಮೇಲೆ ದಾರಿ ಬದಲಿಸಲೇ ಇಲ್ಲ. ಚಿಗರ್ಯಾ ದಿನಾ ಪಕ್ಕೆಯ ಆ ಜಾಗ ಮೂಸುತ್ತಿದ್ದ. ಹುಳಿ ವಾಸನೆ ದಿನದಿಂದ ದಿನಕ್ಕೆ ತೆಳುವಾಯಿತು. ಒಂದು ಬೆಳಿಗ್ಗೆ ಅಲ್ಲಿ ಬರೀ ಉಣ್ಣೆ, ಬರೀ ಹೊಗೆ, ಬರೀ ಅವ್ವ. ಅವನು ಪಾದದ ಮೇಲಿಂದ ಎದ್ದು ಬಾಲ ಅಲ್ಲಾಡಿಸುತ್ತ ದಾರಿ ಬಿಟ್ಟ. ಮಾಳವ್ವ ಎದ್ದಳು. ಅವಳು ಮೊದಲು ಕೇಳಿದ್ದು ರೊಟ್ಟಿ, ಅದನ್ನು ಯಾರಿಗೂ ಮುರಿದು ಹಾಕದೆ ಪೂರ್ತಿ ತಿಂದಳು.

ಅಂದಿನಿಂದ ಹಟ್ಟಿಯ ಬಾಯಲ್ಲಿ ಹೊಸ ಪದ್ಧತಿ ಬಂತು. ಮಾಳವ್ವ ಕುರಿಗಳನ್ನು ಮೂಸುತ್ತಿದ್ದಳು. ಕಡೆಗೆ ಚಿಗರ್ಯಾನನ್ನು. ಅದಾದ ಮೇಲೆ ಕೈ ಚಾಚಿ, "ಬಾ, ಈಗ ನನ್ನ ನೋಡು," ಎಂದು ನಿಲ್ಲುತ್ತಿದ್ದಳು. ದಾರಿಯಲ್ಲಿ ಎದುರಾದವರಿಗೂ ಅವಳು "ಕುರಿ ಆರಾಮ?" ಎಂದು ಕೇಳಿ ಅಲ್ಲಿಗೇ ಬಿಡುತ್ತಿರಲಿಲ್ಲ. "ನೀವು?" ಎಂದು ಕೇಳಿ, ಉತ್ತರಕ್ಕೆ ಕಾಯುತ್ತಿದ್ದಳು.

ಚಿಗರ್ಯಾನನ್ನು ನೋಡಿ ಉಳಿದ ನಾಯಿಗಳೂ ಗುಡ್ಡ ಹತ್ತಿದವು, ಮಾತು ಕೊಟ್ಟು ಮೂಗು ತಂದವು. ನಾಯಿ ನೋಡಿಕೊಳ್ಳುತ್ತದೆಂದು ಮನುಷ್ಯರು ಮೆಲ್ಲಗೆ ಮೂಸುವುದನ್ನೇ ಮರೆತರು. ಮಾಡುವವರು ಸಿಕ್ಕರೆ ಕೆಲಸ ಮರೆಯುವುದರಲ್ಲಿ ನಾವು ಗಟ್ಟಿಗರಲ್ಲವೇ?

ಕೊಟ್ಟ ಮಾತಿನ ನೆನಪು ನಾಯಿಗೆ ಇಲ್ಲವೆಂದಲ್ಲ. ನೀವು ಮಾತಾಡುವಾಗ ಅದು ಒಮ್ಮೊಮ್ಮೆ ತಲೆ ಓರೆ ಮಾಡಿ ನೋಡುತ್ತದಲ್ಲ, ಹಳೆಯ ಮಾತುಗಳಲ್ಲಿ ಯಾವುದಾದರೂ ನೆನಪಾಗುತ್ತದೆಯೇ ಎಂದು ಹುಡುಕುತ್ತಿರುತ್ತದೆ. ಆದರೆ ಅದಕ್ಕೆ ದುಃಖವೇನೂ ಇಲ್ಲ. ಇದ್ದರೆ ಬಾಲ ಹಾಗೆ ಆಡುತ್ತಿತ್ತೇ?

ಅದಕ್ಕೇ ಮಕ್ಕಳೇ, ಸಂಜೆ ನೀವು ಶಾಲೆಯಿಂದ ಬಂದ ಕೂಡಲೇ ಮನೆಯ ನಾಯಿ ಓಡಿಬಂದು ಒದ್ದೆ ಮೂಗಿನಿಂದ ನಿಮ್ಮ ಕೈ ಮೂಸಿ, ಮೊಣಕಾಲು ಮೂಸಿ, ಬಾಯಿಯ ತನಕ ಮೂಗು ತಂದರೆ "ಛೀ, ತಣ್ಣಗಿದೆ" ಎಂದು ದೂಡಬೇಡಿ. ಅಜ್ಜಿಯ ಮಂಡಿಗೆ ಅದು ಮೂಗು ಒತ್ತಿ ಕೂತು ಏಳದಿದ್ದರೆ, ಅಜ್ಜಿ ಎಷ್ಟು ಸಲ ಆರಾಮ ಎಂದರೂ ನಂಬದೆ ಇನ್ನೊಮ್ಮೆ ಕೇಳಿ. ಹೊತ್ತು ಇಳಿಯುತ್ತಿದೆ, ಬೇಲಿಯ ಬಾಯಿ ಇನ್ನೂ ಮುಚ್ಚಿಲ್ಲ, ನಾಯಿ ತನ್ನ ಹಿಂಡನ್ನು ಒಬ್ಬೊಬ್ಬರನ್ನಾಗಿ ನೋಡಿ ಒಳಗೆ ಬಿಡುತ್ತಿದೆ.